ಸಾಂಚಿಯ ಕಲ್ಲುಬೇಲಿಯಲ್ಲಿ ಹೆಸರು ಬರೆಸಿದವರು

ಸಾಂಚಿಯ ಶಾಸನ ಓದಬೇಕಾದರೆ ಬೆಳಿಗ್ಗೆ ಬೇಗ ಗುಡ್ಡ ಹತ್ತಬೇಕು. ಬಿಸಿಲು ನೆತ್ತಿಗೆ ಬಂತೆಂದರೆ ಅಕ್ಷರಗಳು ಕಾಣುವುದೇ ಇಲ್ಲ. ಓರೆ ಬಿಸಿಲಿದ್ದಾಗ ಕೊರೆದ ಗೆರೆಯೊಳಗೆ ನೆರಳು ಕೂರುತ್ತದೆ, ಆಗ ಓದಬಹುದು. ನನಗೆ ಬ್ರಾಹ್ಮಿ ಅಕ್ಷರ ಕಲಿಸಿದ ಮೇಷ್ಟ್ರು ಜೊತೆಗಿದ್ದರು. ಭೋಪಾಲಿನಿಂದ ರೈಲಿನಲ್ಲಿ ಬಂದು, ತೋರಣಗಳನ್ನು (ಸ್ತೂಪದ ಕಲ್ಲಿನ ಹೆಬ್ಬಾಗಿಲುಗಳನ್ನು) ಆಮೇಲೆ ನೋಡೋಣ ಎಂದು ನೇರ ಮಹಾಸ್ತೂಪದ ಸುತ್ತಲಿನ ಕಲ್ಲುಬೇಲಿಯ ಬಳಿ ಹೋದೆವು.

ಈ ಬೇಲಿಯಲ್ಲಿ ಶಿಲ್ಪ ಅಂತ ಏನೂ ಇಲ್ಲ. ಎಂಟು ಮುಖದ ಎತ್ತರದ ಕಂಬಗಳು, ಎರಡು ಕಂಬಗಳ ನಡುವೆ ಮೂರು ಅಡ್ಡಕಲ್ಲು, ಮೇಲೆ ದಪ್ಪನೆಯ ಮುಚ್ಚುಗಲ್ಲು. ಮರದ ಬೇಲಿಯನ್ನು ಹೆಣೆಯುವ ರೀತಿಯಲ್ಲೇ ಕಲ್ಲನ್ನು ಕೂಡಿಸಿದ್ದಾರೆ. ಚೆಂದ ನೋಡಲು ಬಂದವರು ಸುಮ್ನೆ ದಾಟಿ ಹೋಗುತ್ತಾರೆ.

"ಸರ್, ಇಲ್ಲೇನೂ ಕಾಣ್ತಿಲ್ವಲ್ಲ" ಅಂದೆ.

"ಈ ಕಡೆ ಬಾಪ್ಪಾ. ಸಾಲಿನ ಕೊನೇ ನೋಡು, ಮೊದಲು ಅದನ್ನ ಹುಡುಕು" ಅಂದರು.

ಕೊನೆಯಲ್ಲಿ ಇಂಗ್ಲಿಷಿನ ಟಿ ಅಕ್ಷರವನ್ನು ತಲೆಕೆಳಗೆ ಮಾಡಿದಂಥ ಒಂದು ಗುರುತು, ಪಕ್ಕದಲ್ಲೊಂದು ಚುಕ್ಕೆ. ಅದು 'ನಂ'. ಅದರ ಹಿಂದಿನದು 'ದಾ'. ಪಕ್ಕದ ಕಂಬದಲ್ಲೂ ಅದೇ, ಅದರಾಚೆಯ ಅಡ್ಡಕಲ್ಲಿನಲ್ಲೂ ಅದೇ. ಇಂಥವರ ದಾನ, ಇಂಥವರ ದಾನ ಎಂದು ಬೇಲಿಯ ಉದ್ದಕ್ಕೂ ಪ್ರಾಕೃತದಲ್ಲಿ ಬರೆದಿದೆ. 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್‌ಗೆ ಬ್ರಾಹ್ಮಿ ಲಿಪಿಯ ಬೀಗ ತೆಗೆಯಲು ಸಿಕ್ಕ ಕೀಲಿ ಇದೇ. ಸಾಂಚಿಯ ಗಿಡ್ಡ ಶಾಸನಗಳ ಪ್ರತಿಗಳು ಅವನ ಕೈಗೆ ಬಂದವು. ಎಲ್ಲವೂ ಒಂದೇ ಥರ ಮುಗಿಯುತ್ತಿದ್ದವು. ಸ್ತೂಪದ ಬೇಲಿಯ ಮೇಲೆ ಇಷ್ಟು ಸಲ ಬರುವುದು 'ದಾನಂ' ಇರಬೇಕು ಎಂದು ಊಹಿಸಿದ. ಅಲ್ಲಿಂದ ಉಳಿದ ಅಕ್ಷರಗಳೂ ಬಿಚ್ಚಿಕೊಂಡವು. ಅಶೋಕನ ಆಜ್ಞೆಗಳನ್ನು ಇಂದು ನಾವು ಓದುತ್ತಿದ್ದರೆ ಅದರಲ್ಲಿ ಹೆಸರೇ ಕೇಳಿರದ ಈ ದಾನಿಗಳ ಪಾಲು ದೊಡ್ಡದು.

ಯಾರು ಈ ದಾನಿಗಳು? ರಾಜರು ತೀರಾ ಕಮ್ಮಿ. ಭಿಕ್ಷುಗಳು, ಭಿಕ್ಷುಣಿಯರು, ಸೆಟ್ಟಿಗಳು, ಗೃಹಸ್ಥರು. ಉಜ್ಜಯಿನಿಯಿಂದ ಬಂದವರ ಹೆಸರು ಮತ್ತೆ ಮತ್ತೆ ಸಿಗುತ್ತದೆ. ವೇಜಜ ಎಂಬ ಊರಿನವರು ಒಟ್ಟಾಗಿ ಊರಿನ ಹೆಸರಲ್ಲೇ ಕೊಟ್ಟಿದ್ದಾರೆ. ಒಬ್ಬರು ಒಂದು ಕಂಬ, ಇನ್ನೊಬ್ಬರು ಒಂದು ಅಡ್ಡಕಲ್ಲು, ಹೀಗೆ ಸೇರಿ ಇಡೀ ಬೇಲಿ ಎದ್ದು ನಿಂತಿದೆ.

ನನ್ನನ್ನು ಜಾಸ್ತಿ ಹೊತ್ತು ನಿಲ್ಲಿಸಿದ್ದು ಹೆಂಗಸರ ಹೆಸರುಗಳು. ಕೆಲವರನ್ನು ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಗುರುತಿಸಿದ್ದಾರೆ. ಆದರೆ ಭಿಕ್ಷುಣಿಯರಿಗೆ ಅವರದೇ ಹೆಸರು, ಅವರದೇ ಊರು. ಸೂತ್ರಗಳನ್ನು ಬಲ್ಲವಳು ಎಂಬ ಬಿರುದು ಹೊತ್ತ ಹೆಂಗಸೂ ಇದ್ದಾಳೆ. ಇಲ್ಲೇ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಹಣ ಮುಟ್ಟಬಾರದು ಎಂಬ ನಿಯಮವಿದ್ದ ಭಿಕ್ಷುಗಳು, ಭಿಕ್ಷುಣಿಯರು ಕಲ್ಲುಕಂಬ ಕೊಟ್ಟಿದ್ದು ಹೇಗೆ? ಮನೆಯವರಿಂದ ಬಂದದ್ದಿರಬಹುದು, ಭಕ್ತರಿಂದ ಕೂಡಿಸಿದ್ದಿರಬಹುದು. ಹೇಗೇ ಇರಲಿ, ಗ್ರಂಥದ ನಿಯಮ ಒಂದು, ಜನ ಬದುಕಿದ ರೀತಿ ಇನ್ನೊಂದು ಎನ್ನುವುದನ್ನು ಕಲ್ಲು ಮರೆಮಾಚುವುದಿಲ್ಲ.

ದಕ್ಷಿಣ ತೋರಣಕ್ಕೆ ಬಂದಾಗ ಬಿಸಿಲು ಏರಿತ್ತು. ಇಲ್ಲಿನ ಕಂಬವೊಂದರ ಮೇಲಿರುವ ಒಂದು ಸಾಲು ಹೆಸರುವಾಸಿ: ವಿದಿಶೆಯ ದಂತದ ಕೆಲಸಗಾರರು ಈ ಶಿಲ್ಪ ಮಾಡಿದರು. ಅದನ್ನು ಓದಿ ಮತ್ತೆ ಕೆತ್ತನೆ ನೋಡಿದೆ. ಬೆರಳುದ್ದದ ಮನುಷ್ಯರು, ಅವರ ಪೇಟದ ಸುತ್ತುಗಳು, ಕೊರಳ ಹಾರದ ಮಣಿಗಳು. ದಂತದ ಮೇಲೆ ಪಳಗಿದ ಕೈ ಎಂದು ಒಪ್ಪಲೇಬೇಕು. ಇದೇ ತೋರಣದ ಮೇಲಿನ ತೊಲೆಯ ಹಿಂಬದಿಯಲ್ಲಿ ಶಾತಕರ್ಣಿ ರಾಜನ ಕುಶಲಕರ್ಮಿಗಳ ಮುಖ್ಯಸ್ಥ ಆನಂದನ ದಾನವಿದೆ. ನೆಲದಲ್ಲಿ ನಿಂತವನಿಗೆ ಅದು ಓದಲು ಸಿಗದು. ಅಂದಮೇಲೆ ಹೆಸರು ಬರೆಸಿದ್ದು ಬರೀ ಜನ ನೋಡಲಿ ಎಂದಲ್ಲ. ಪುಣ್ಯದ ಜಾಗದಲ್ಲಿ ತನ್ನ ಹೆಸರು ಇದ್ದರೆ ಸಾಕು ಅಂತ ಅವರು ನಂಬಿದ್ದರು ಎಂದೇ ನನಗೆ ಅನಿಸುತ್ತದೆ.

ಕುರರ ಎಂಬ ಊರಿನ ನಾಗಪಿಯ ಎಂಬ ಸೆಟ್ಟಿಯ ಹೆಸರು ಪೂರ್ವ ತೋರಣದಲ್ಲೂ ಇದೆ, ಪಶ್ಚಿಮ ತೋರಣದಲ್ಲೂ ಇದೆ. ಧರ್ಮೋಪದೇಶಕ ಅಯಚೂಡನ ಶಿಷ್ಯ ಬಲಮಿತ್ರ ದಕ್ಷಿಣಕ್ಕೂ ಕೊಟ್ಟಿದ್ದಾನೆ, ಪಶ್ಚಿಮಕ್ಕೂ ಕೊಟ್ಟಿದ್ದಾನೆ. ಅಂದರೆ ಈ ಮೂರೂ ತೋರಣಗಳು ಹೆಚ್ಚುಕಮ್ಮಿ ಒಂದೇ ತಲೆಮಾರಿನಲ್ಲಿ ಎದ್ದವು ಅಂತಾಯ್ತು. ತೇದಿ ಬರೆಯದ ಶಾಸನಗಳಿಂದಲೇ ಕಾಲ ಹೇಳುವ ಈ ದಾರಿ ನನಗೆ ತುಂಬಾ ಇಷ್ಟ.

ಶಾಪವೂ ಇದೆ. ಈ ಕಾಕಣಾವದಿಂದ (ಸಾಂಚಿಯ ಹಳೆಯ ಹೆಸರು) ಕಲ್ಲುಕೆಲಸ ಕಿತ್ತವನಿಗೆ, ಕೀಳಿಸಿದವನಿಗೆ, ಬೇರೆ ಆಚಾರ್ಯಕುಲಕ್ಕೆ ಸಾಗಿಸಿದವನಿಗೆ ಪಂಚಮಹಾಪಾತಕ ಮಾಡಿದವರ ಗತಿ ಬರಲಿ ಎಂದು. ಕದಿಯುವವರು, ಪೈಪೋಟಿಯ ಪಂಗಡಗಳು ಆಗಲೂ ಇದ್ದರು ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಒಂದು ಮಾತು ಮಾತ್ರ ಮರೆಯಬಾರದು. ಇಲ್ಲಿ ಹೆಸರಿರುವುದು ಕೊಡಲು ಏನಾದರೂ ಇದ್ದವರದ್ದು. ಈ ಬಂಡೆಗಳನ್ನು ಗುಡ್ಡಕ್ಕೆ ಎಳೆದು ತಂದವರ ಹೆಸರನ್ನು ನಾನು ಎಲ್ಲೂ ಕಾಣಲಿಲ್ಲ.

ಗುಪ್ತರ ಕಾಲಕ್ಕೆ ಬರುವಾಗ ದಾನದ ರೀತಿಯೇ ಬದಲಾಗುತ್ತದೆ. ಇದೇ ಬೇಲಿಯ ಮೇಲಿರುವ ಶಾಸನವೊಂದರ ತೇದಿ ಗುಪ್ತಶಕ 131, ಅಂದರೆ ಕ್ರಿ.ಶ. 450ರ ಸುಮಾರು. ಉಪಾಸಿಕೆ (ಮನೆಯಲ್ಲಿದ್ದೇ ಬುದ್ಧನನ್ನು ನಂಬಿದ ಹೆಂಗಸು) ಹರಿಸ್ವಾಮಿನಿ ಸಂಘಕ್ಕೆ 12 ದೀನಾರ (ಚಿನ್ನದ ನಾಣ್ಯ) ಇಡುಗಂಟು ಕೊಟ್ಟಳು. ಅಸಲು ಮುಟ್ಟುವಂತಿಲ್ಲ, ಬಡ್ಡಿಯಿಂದ ದಿನಾ ಒಬ್ಬ ಭಿಕ್ಷುವಿಗೆ ಊಟ. ರತ್ನಗೃಹದ ಮೂರು ದೀಪಕ್ಕೆ 3 ದೀನಾರ, ನಾಲ್ವರು ಬುದ್ಧರು ಕೂತ ಕಡೆಯ ಒಂದು ದೀಪಕ್ಕೆ 1 ದೀನಾರ. ಹಳೆಯ ದಾನಿ ಕಲ್ಲು ಕೊಟ್ಟು ಹೆಸರು ಬರೆಸಿ ಹೋಗುತ್ತಿದ್ದ. ಇವಳು ಬಡ್ಡಿಯ ಲೆಕ್ಕ ಹಾಕಿ, ಯಾವುದಕ್ಕೆ ಎಷ್ಟೆಂದು ಬಿಡಿಸಿ ಬರೆಸಿದ್ದಾಳೆ. ದೀಪದ ಬತ್ತಿ ಎಣ್ಣೆಗೆ 1 ದೀನಾರದ ಬಡ್ಡಿ ಸಾಕಾದರೆ, ಒಬ್ಬರ ಊಟಕ್ಕೆ ಅದರ ಹನ್ನೆರಡರಷ್ಟು. ಆ ಕಾಲದ ಮನೆವಾರ್ತೆ ಇಷ್ಟು ಹತ್ತಿರದಿಂದ ಯಾವ ರಾಜನ ಪ್ರಶಸ್ತಿಯಲ್ಲಿ ಸಿಗುತ್ತದೆ ಹೇಳಿ?