ಬೇಲಿಯ ಆಚೆ ಅರ್ಧ ಗಂಟೆ ಮುಂದೆ: ತ್ರಿಪುರಾದಲ್ಲಿ ಐದು ದಿನ

ಅಗರ್ತಲಾದ ಅಖೌರಾ ಗಡಿ ಚೆಕ್‌ಪೋಸ್ಟ್ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆವು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನಾವು ಎಲ್ಲಿಯವರು ಅಂತ ಕೇಳಿದರು. ಬೆಂಗಳೂರು ಅಂದೆ. ಅವರ ಮುಖ ಅರಳಿತು. "ಬೊಮ್ಮೊಶೊಂದ್ರೊ?" ಅಂದರು. ಏನು ಕೇಳುತ್ತಿದ್ದಾರೆ ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬೊಮ್ಮಸಂದ್ರ! ಬೆಂಗಳೂರಿನ ಅಂಚಿನಲ್ಲಿ ದೊಡ್ಡ ಹೃದಯದ ಆಸ್ಪತ್ರೆ ಇರುವ ಜಾಗ.

ಅವರು ಬಾಂಗ್ಲಾದೇಶದ ಬ್ರಾಹ್ಮಣ್‌ಬಾಡಿಯಾ ಕಡೆಯವರು. ಹೆಂಡತಿಗೆ ಹೃದಯದ ತೊಂದರೆ. ಕೈಯಲ್ಲಿ ದಪ್ಪ ಪ್ಲಾಸ್ಟಿಕ್ ಕವರ್, ಅದರೊಳಗೆ ಎಕ್ಸ್‌ರೇ, ಇಸಿಜಿ ಕಾಗದ, ಮಡಿಚಿ ಮಡಿಚಿ ಅಂಚು ಸವೆದ ಚೀಟಿಗಳು. ಬೆಳಗ್ಗೆ ಮನೆ ಬಿಟ್ಟು, ಗಡಿಯನ್ನು ನಡೆದೇ ದಾಟಿ ಬಂದಿದ್ದರು. ಅಗರ್ತಲಾದಿಂದ ಕೊಲ್ಕತ್ತಾಗೆ ವಿಮಾನ, ಅಲ್ಲಿಂದ ಬೆಂಗಳೂರಿಗೆ. ಢಾಕಾದಿಂದ ಹಾರಿದರೆ ವಿದೇಶ ಪ್ರಯಾಣದ ಟಿಕೆಟ್ ಆಗುತ್ತದೆ, ದುಡ್ಡು ಜಾಸ್ತಿ. ಇಲ್ಲಿಂದ ಹೊರಟರೆ ದೇಶದೊಳಗಿನ ಟಿಕೆಟ್. ಹಾಗಾಗಿ ಆ ಕಡೆಯ ಎಷ್ಟೋ ಜನರಿಗೆ ಅಗರ್ತಲಾ ವಿಮಾನ ನಿಲ್ದಾಣವೇ ಹತ್ತಿರದ್ದು, ಅಗ್ಗದ್ದು. ನನ್ನ ತಮ್ಮ ಕೆಲವು ವರ್ಷ ಕೊಲ್ಕತ್ತಾದಲ್ಲಿ ಕೆಲಸ ಮಾಡಿದವನು, ಬಂಗಾಳಿ ಬರುತ್ತದೆ. ಬೊಮ್ಮಸಂದ್ರದಲ್ಲಿ ಲಾಡ್ಜ್ ಎಲ್ಲಿ ಸಿಗುತ್ತದೆ, ಮೀನು ಊಟ ಎಲ್ಲಿ ಸಿಗುತ್ತದೆ ಅಂತ ಅವನು ಒಂದು ಕಾಗದದ ಮೇಲೆ ಬರೆದುಕೊಟ್ಟ.

ಇದು 2024ರ ಫೆಬ್ರವರಿಯ ಮಾತು. ನಾವು ಹೋಗಿದ್ದು ದೇವಸ್ಥಾನ, ಅರಮನೆ ನೋಡಲು. ಅವನ್ನೂ ನೋಡಿದೆವು. ಉಜ್ಜಯಂತ ಅರಮನೆ, ರುದ್ರಸಾಗರ ಕೆರೆಯ ನಡುವೆ ನಿಂತ ನೀರ್‌ಮಹಲ್, ಉದಯಪುರದ ತ್ರಿಪುರಸುಂದರಿ ಗುಡಿ, ಅಲ್ಲಿನ ಪೇಡಾ ಪ್ರಸಾದ, ಎಲ್ಲವೂ ಚೆನ್ನಾಗಿವೆ. ಆದರೆ ಆ ಹಿರಿಯರನ್ನು ಕಂಡ ಮೇಲೆ ನನ್ನ ಗಮನವೆಲ್ಲ ಗಡಿಯ ಕಡೆಗೇ ಹೋಯಿತು.

ಮ್ಯಾಪ್ ತೆಗೆದು ನೋಡಿ. ತ್ರಿಪುರಾದ ಮೂರು ಕಡೆಯೂ ಬಾಂಗ್ಲಾದೇಶ. 856 ಕಿಲೋಮೀಟರ್ ಗಡಿ. ಉಳಿದ ಭಾರತಕ್ಕೆ ಬರಲು ಅಸ್ಸಾಂ, ಮಿಜೋರಾಂ ಕಡೆ ಒಂದು ಮೂಲೆ ಅಷ್ಟೇ. ಅಗರ್ತಲಾದಿಂದ ಕೊಲ್ಕತ್ತಾಗೆ ರಸ್ತೆಯಲ್ಲಿ ಗುವಾಹಟಿ, ಸಿಲಿಗುರಿ ಸುತ್ತಿ ಹೋದರೆ ಸುಮಾರು 1,600 ಕಿಲೋಮೀಟರ್. ಬಾಂಗ್ಲಾದೇಶದೊಳಗೆ ನೇರ ಹೋದರೆ ಸುಮಾರು 500. ಅಂಗಡಿಯಲ್ಲಿ ಒಂದು ಚೀಲ ಸಿಮೆಂಟ್ ಬೆಲೆ ಕೇಳುವಾಗಲೂ ಈ ಲೆಕ್ಕ ಒಳಗೇ ಇರುತ್ತದೆ.

ಗಡಿ ಅಂದರೆ ನಾನು ದೂರದ ಒಂದು ಜಾಗ ಅಂದುಕೊಂಡಿದ್ದೆ. ಅಖೌರಾ ಚೆಕ್‌ಪೋಸ್ಟ್ ಪೇಟೆಯಿಂದ ಎರಡು ಮೂರು ಕಿಲೋಮೀಟರ್. ಆಟೋದಲ್ಲಿ ಹತ್ತು ನಿಮಿಷ. ಅಲ್ಲಿಗೆ ಹೋದಾಗ ಫೋನ್ ನೋಡಿದರೆ ಸಮಯ ಅರ್ಧ ಗಂಟೆ ಮುಂದೆ ಓಡಿತ್ತು. ಆಚೆಯ ಟವರ್ ಹಿಡಿದುಕೊಂಡು ಬಾಂಗ್ಲಾದೇಶದ ಸಮಯ ತೋರಿಸುತ್ತಿತ್ತು. ಆಟೋದವನು, "ಇಲ್ಲಿ ಹಾಗೇ, ವಾಪಸ್ ಹೋಗುವಾಗ ಸರಿಯಾಗುತ್ತೆ" ಅಂದ. ಹಾಗೇ ಆಯಿತು.

ಚೆಕ್‌ಪೋಸ್ಟ್ ಗೇಟಿನಿಂದ ಮೀನಿನ ಗಾಡಿಗಳು ಹೊರಗೆ ಬರುವುದನ್ನು ನೋಡಬೇಕು. ಐಸ್ ಕರಗಿ ನೀರು ತೊಟ್ಟಿಕ್ಕುತ್ತಿರುತ್ತದೆ. ಒಣಗಿದ ರಸ್ತೆಯ ಮೇಲೆ ಸಣ್ಣ ಒದ್ದೆ ಗೆರೆ. ಒಂದು ಗೆರೆ ಆರುವ ಮೊದಲೇ ಇನ್ನೊಂದು. ಮರುದಿನ ಬೆಳಗ್ಗೆ ಬಟ್ಟಲಾ ಮಾರ್ಕೆಟ್ಟಿಗೆ ಹೋದರೆ ಅದೇ ಐಸು, ಅದೇ ಮೀನು. ನೆಲದ ಮೇಲೆ ನಿಲ್ಲಿಸಿದ ದೊಡ್ಡ ಬೋಟಿಗೆ, ಅಂದರೆ ನಮ್ಮ ಈಳಿಗೆಮಣೆಯ ಅಣ್ಣನಂಥದ್ದು, ಮೀನನ್ನು ಎರಡೂ ಕೈಯಲ್ಲಿ ಹಿಡಿದು ಒತ್ತುತ್ತಾರೆ. ರುಯಿ, ಪಾಬ್ದಾ. "ಇದು ಲೋಕಲ್, ಇದು ಬಾಂಗ್ಲಾದೇಶ" ಅಂತ ಮಾರುವವನೇ ಬೇರೆ ಬೇರೆ ರಾಶಿ ತೋರಿಸಿದ. ಮಡಿಕೇರಿ ಕಿತ್ತಳೆ, ನಾಗ್ಪುರ ಕಿತ್ತಳೆ ಅಂತ ನಾವು ಹೇಳುವುದಿಲ್ವಾ, ಅಷ್ಟು ಸಹಜವಾಗಿ.

ಮೀನಷ್ಟೇ ಅಲ್ಲ. ಸಿಮೆಂಟ್, ಜಲ್ಲಿ, ಪ್ಲಾಸ್ಟಿಕ್ ಸಾಮಾನು, ಬಿಸ್ಕತ್ತು, ಜ್ಯೂಸ್ ಎಲ್ಲ ಆಗ ಆ ಕಡೆಯಿಂದ ಬರುತ್ತಿತ್ತು. ಸಾಮಾನಿನ ಲೆಕ್ಕದಲ್ಲಿ ತ್ರಿಪುರಾ ಕೊಡುವುದಕ್ಕಿಂತ ಕೊಳ್ಳುವುದೇ ತುಂಬಾ ಜಾಸ್ತಿ. ಆದರೆ ಕರೆಂಟ್ ವಿಷಯ ಬೇರೆ. ಪಾಲಟಾನಾದಲ್ಲಿ 726 ಮೆಗಾವ್ಯಾಟ್‌ನ ಗ್ಯಾಸ್ ವಿದ್ಯುತ್ ಸ್ಥಾವರ ಇದೆ. ಅದರ ಭಾರೀ ಯಂತ್ರಗಳನ್ನು ಬೆಟ್ಟದ ರಸ್ತೆಯಲ್ಲಿ ತರುವ ಹಾಗೇ ಇರಲಿಲ್ಲ. ಬಾಂಗ್ಲಾದೇಶ ತನ್ನ ಆಶುಗಂಜ್ ಬಂದರಿನಿಂದ ದಾರಿ ಬಿಟ್ಟುಕೊಟ್ಟಿತು. 2016ರ ಮಾರ್ಚ್‌ನಲ್ಲಿ ತ್ರಿಪುರಾದಿಂದ ಅಲ್ಲಿಗೆ 100 ಮೆಗಾವ್ಯಾಟ್ ಕರೆಂಟ್ ಹೋಗಲು ಶುರುವಾಯಿತು. ಅದೇ ದಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ಸಮುದ್ರದ ಕೇಬಲ್‌ನಿಂದ ತ್ರಿಪುರಾಕ್ಕೆ ಇಂಟರ್ನೆಟ್ ಬಂತು. ನೆರೆಮನೆಗೆ ಒಂದು ಬಟ್ಟಲು ಸಾರು ಕೊಟ್ಟರೆ ಅದೇ ಬಟ್ಟಲಲ್ಲಿ ಪಲ್ಯ ಬರುತ್ತದಲ್ಲ, ನನಗೆ ಅದೇ ನೆನಪಾಯಿತು.

ಈ ನಂಟು ಹೊಸದೇನಲ್ಲ. ತ್ರಿಪುರಾದ ಮಾಣಿಕ್ಯ ರಾಜರಿಗೆ ಈಗ ಬಾಂಗ್ಲಾದೇಶದಲ್ಲಿರುವ ಕೊಮಿಲ್ಲಾ ಬಯಲಿನಲ್ಲಿ ಚಕ್ಲಾ ರೋಶನಾಬಾದ್ ಎಂಬ ದೊಡ್ಡ ಜಮೀನ್ದಾರಿ ಇತ್ತು. ಬೆಟ್ಟದಲ್ಲಿ ರಾಜ್ಯ, ಬಯಲಲ್ಲಿ ಆದಾಯ. ರೈಲು ಹತ್ತಬೇಕಾದರೆ ಅಗರ್ತಲಾದವರು ಹೋಗುತ್ತಿದ್ದದ್ದೇ ಅಖೌರಾ ಸ್ಟೇಷನ್ನಿಗೆ. 1947ರಲ್ಲಿ ಗೆರೆ ಬಿತ್ತು. ಸ್ಟೇಷನ್ ಆಚೆ, ಊರು ಈಚೆ. ಅಗರ್ತಲಾಗೆ ಸ್ವಂತ ರೈಲು ಬಂದಿದ್ದು 2008ರಲ್ಲಿ! 1971ರಲ್ಲಿ ಯುದ್ಧವಾದಾಗ ಆ ಕಡೆಯಿಂದ ಬಂದ ನಿರಾಶ್ರಿತರು ಹೆಚ್ಚುಕಡಿಮೆ ಇಲ್ಲಿನ ಜನಸಂಖ್ಯೆಯಷ್ಟೇ ಇದ್ದರು. ಇಷ್ಟು ಸಣ್ಣ ರಾಜ್ಯ ಅಷ್ಟು ಜನಕ್ಕೆ ಅನ್ನ ಹಾಕಿತು. ಇದನ್ನು ನಾವು ಶಾಲೆಯಲ್ಲಿ ಸರಿಯಾಗಿ ಓದಲೇ ಇಲ್ಲ, ಅಲ್ವಾ?

ನಾಲ್ಕನೇ ದಿನ ಕಮಲಾಸಾಗರಕ್ಕೆ ಹೋದೆವು. ಅಗರ್ತಲಾದಿಂದ ಸುಮಾರು 30 ಕಿಲೋಮೀಟರ್. ಗುಡ್ಡದ ಮೇಲೆ ಕಾಳಿ ಗುಡಿ. ಮೂರ್ತಿ ಮಾತ್ರ ನಮ್ಮ ಚಾಮುಂಡಿಯ ಹಾಗೆ ಮಹಿಷಮರ್ದಿನಿ. ಕೆಳಗೆ ಧನ್ಯ ಮಾಣಿಕ್ಯ ರಾಜ ಕಟ್ಟಿಸಿದ ಕೆರೆ. ಕೆರೆಯ ಆಚೆ ಬೇಲಿ. ಬೇಲಿಯ ಆಚೆ ಕಸ್ಬಾ, ಅಂದರೆ ಬಾಂಗ್ಲಾದೇಶ. ಮೆಟ್ಟಿಲ ಮೇಲೆ ಕೂತಿದ್ದಾಗ ಒಂದು ರೈಲು ಹೋಯಿತು. ಢಾಕಾ–ಚಟ್ಟಗ್ರಾಮ (ಚಿತ್ತಗಾಂಗ್) ದಾರಿ ಅದು. ಕಿಟಕಿಯಲ್ಲಿ ಕೂತವರ ಅಂಗಿಯ ಬಣ್ಣ ಕೂಡ ಕಾಣುತ್ತಿತ್ತು. ಒಂದು ಮಗು ಕೈ ಬೀಸಿತು. ನಾವೂ ಬೀಸಿದೆವು.

ಅಲ್ಲೇ ಕೆಳಗೆ ಗಡಿಯ ಸಂತೆ ಇದೆ. ನಾವು ಹೋದಾಗ ಸಂತೆ ಮುಚ್ಚಿತ್ತು. ಶೆಡ್‌ಗಳು ಖಾಲಿ, ಸಿಮೆಂಟ್ ಕಟ್ಟೆಯ ಮೇಲೆ ಒಂದು ಮೇಕೆ ಮಲಗಿತ್ತು. 2015ರಲ್ಲಿ ಶುರುವಾಗಿ, 2020ರಲ್ಲಿ ಕೊರೊನಾ ಬಂದಾಗ ನಿಂತ ಸಂತೆ. ಸುತ್ತ ಐದು ಕಿಲೋಮೀಟರ್ ಒಳಗಿನ ಹಳ್ಳಿಯವರು ಎರಡೂ ಕಡೆಯಿಂದ ಬಂದು ಮಾರುತ್ತಿದ್ದರು. ರೂಪಾಯಿಯೂ ನಡೆಯುತ್ತಿತ್ತು, ಟಾಕಾ ಕೂಡ. ಒಬ್ಬರು ಒಂದು ದಿನಕ್ಕೆ 200 ಡಾಲರ್ ಬೆಲೆಯಷ್ಟು ಕೊಳ್ಳಬಹುದಿತ್ತು. ಗುಡಿಯ ಮುಂದೆ ಹೂವು ಮಾರುವ ಹೆಂಗಸು, ನಮ್ಮ ಕಡೆಯಿಂದ ಮಸಾಲೆ, ಸೋಪು, ಮಗುವಿನ ಡೈಪರ್ ಹೋಗುತ್ತಿತ್ತು, ಅಲ್ಲಿಂದ ಒಣಮೀನು, ಮೆಲಮೈನ್ ತಟ್ಟೆ ಬರುತ್ತಿತ್ತು ಅಂದರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಹೇಳಿದರು. ಅವರ ಅಮ್ಮನ ತಂಗಿ ಕಸ್ಬಾದಲ್ಲಿದ್ದಾರೆ. ಇಬ್ಬರಿಗೂ ಪಾಸ್‌ಪೋರ್ಟ್ ಇಲ್ಲ. ಸಂತೆ ನಡೆಯುತ್ತಿದ್ದಾಗ ಅಲ್ಲೇ ಭೇಟಿ. ಸುಮ್ನೆ ಒಂದು ಗಂಟೆ ಕೂತು ಮಾತಾಡಿ ಬರುತ್ತಿದ್ದರಂತೆ.

ಕೊನೆಯ ದಿನ ರೈಲಿನಲ್ಲಿ ದಕ್ಷಿಣದ ಸಬ್ರೂಂಗೆ ಹೋದೆವು. ಫೆನಿ ನದಿ ಅಲ್ಲಿ ಗಡಿ. ಅದರ ಮೇಲೆ 1.9 ಕಿಲೋಮೀಟರ್ ಉದ್ದದ ಮೈತ್ರಿ ಸೇತುವೆ. 2021ರ ಮಾರ್ಚ್‌ನಲ್ಲೇ ಉದ್ಘಾಟನೆ ಆಗಿದೆ. ಚಟ್ಟಗ್ರಾಮ ಬಂದರು ಅಲ್ಲಿಂದ ಸುಮಾರು 80 ಕಿಲೋಮೀಟರ್ ಅಷ್ಟೇ. ಸಮುದ್ರವೇ ಇಲ್ಲದ ಈ ರಾಜ್ಯಕ್ಕೆ ಅದು ಎಂಥ ದಾರಿ! ನಾವು ನಿಂತು ನೋಡಿದಾಗ ಸೇತುವೆಯ ಮೇಲೆ ಒಂದೂ ಗಾಡಿ ಇರಲಿಲ್ಲ. ಓಡಾಟ ಇನ್ನೂ ಶುರುವಾಗಿರಲಿಲ್ಲ. ಅಗರ್ತಲಾ–ಅಖೌರಾ ರೈಲು ದಾರಿಯದ್ದೂ ಅದೇ ಕತೆ. 12.24 ಕಿಲೋಮೀಟರ್ ಹಳಿ, 2023ರ ನವೆಂಬರ್‌ನಲ್ಲಿ ಉದ್ಘಾಟನೆ, ಪ್ರಯಾಣಿಕರ ರೈಲು ಇಲ್ಲ. ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಇಷ್ಟೆಲ್ಲ ಕಟ್ಟಿಯೂ ಬಾಗಿಲು ತೆಗೆಯದೆ ಇಟ್ಟರೆ ಹೇಗೆ?

ನಾವು ವಾಪಸ್ ಬಂದ ಆರು ತಿಂಗಳಿಗೆ ಢಾಕಾದಲ್ಲಿ ಸರ್ಕಾರ ಉರುಳಿತು. ಡಿಸೆಂಬರ್‌ನಲ್ಲಿ ಅಗರ್ತಲಾದ ಬಾಂಗ್ಲಾದೇಶ ಸಹಾಯಕ ಹೈಕಮಿಷನ್‌ಗೆ ಪ್ರತಿಭಟನೆಯವರು ನುಗ್ಗಿದರು, ಅಲ್ಲಿ ವೀಸಾ ಕೊಡುವುದು ನಿಂತಿತು. ಭಾರತವೂ ಬಾಂಗ್ಲಾದೇಶದವರಿಗೆ ವೀಸಾ ಕಡಿಮೆ ಮಾಡಿತು. 2025ರ ಮೇ ತಿಂಗಳಲ್ಲಿ ಈಶಾನ್ಯದ ಗಡಿ ಠಾಣೆಗಳ ಮೂಲಕ ಅಲ್ಲಿನ ಬಟ್ಟೆ, ಬಿಸ್ಕತ್ತು, ಪ್ಲಾಸ್ಟಿಕ್ ಸಾಮಾನು ಬರುವ ಹಾಗಿಲ್ಲ ಅಂತ ಆದೇಶ ಬಂತು. ಮೀನು, ಗ್ಯಾಸ್, ಅಡುಗೆ ಎಣ್ಣೆ, ಜಲ್ಲಿಗೆ ಮಾತ್ರ ತಡೆ ಇಲ್ಲ. ಆ ರಸ್ತೆಯ ಮೇಲಿನ ಒದ್ದೆ ಗೆರೆಯಾದರೂ ಉಳಿಯಿತಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಆದೇಶ ಬಂದ ಮೇಲೆ ಒಂದು ಭಾನುವಾರ ಬೊಮ್ಮಸಂದ್ರಕ್ಕೆ ಹೋಗಿದ್ದೆ. ಬಂಗಾಳಿ ಬೋರ್ಡುಗಳು ಹಾಗೇ ಇವೆ. ತಮ್ಮ ಬರೆದುಕೊಟ್ಟಿದ್ದ ಲಾಡ್ಜಿನಲ್ಲಿ ವಿಚಾರಿಸಿದೆ. ಆಚೆಯವರು ಬರುವುದು ತುಂಬಾ ಕಡಿಮೆಯಾಗಿದೆ ಅಂದರು. ಪಕ್ಕದ ಹೋಟೆಲಿನಲ್ಲಿ ಅನ್ನ, ಸಾಸಿವೆ ಹಾಕಿದ ರುಯಿ ಮೀನಿನ ಸಾರು ತಗೊಂಡೆ. ಆ ಹಿರಿಯರ ಹೆಂಡತಿಗೆ ಗುಣವಾಯಿತೋ ಏನೋ. ಅವರ ನಂಬರ್ ಅವತ್ತು ಕೇಳಿ ಇಟ್ಟುಕೊಳ್ಳಬೇಕಿತ್ತು.