ದನಿ ಒಡೆದ ಮೇಲೆ

ನಾನು ಶಾಲೆಗಿಂತ ಸೆಟ್‌ನಲ್ಲಿ ಇದ್ದದ್ದೇ ಜಾಸ್ತಿ ಅಂತ ಗೆಳೆಯರು ಈಗಲೂ ರೇಗಿಸುತ್ತಾರೆ. ಪೂರ್ತಿ ಸುಳ್ಳಲ್ಲ. ಸೀರಿಯಲ್‌ಗಳಲ್ಲಿ ಬಾಲನಟ, ಶೂಟಿಂಗ್ ಇಲ್ಲದ ದಿನ ಡಬ್ಬಿಂಗ್. ಆದರೆ ಹೊಟ್ಟೆಪಾಡಿನ ವಿದ್ಯೆ ಕಲಿತದ್ದು ಮಾತ್ರ ನಮ್ಮ ಶಾಲೆಯ ಕನ್ನಡ ಪಿರಿಯಡ್‌ನಲ್ಲಿ.

ನಮ್ಮ ಮೇಷ್ಟ್ರು ಪಾಠವನ್ನು ನಮ್ಮ ಕೈಲೇ ಗಟ್ಟಿಯಾಗಿ ಓದಿಸುತ್ತಿದ್ದರು. ನಾನು ಟೀವಿಯವನು ಅಲ್ವಾ, ಅತ್ತು ಕರೆದು ಓದುತ್ತಿದ್ದೆ. "ನಟನೆ ಆಮೇಲೆ ಮಾಡು, ಮೊದಲು ವಾಕ್ಯದ ಕೊನೆ ನುಂಗಬೇಡ" ಅನ್ನುತ್ತಿದ್ದರು.

ಡಬ್ಬಿಂಗ್ ಅಂದರೆ ಸುಮ್ನೆ ಓದುವುದಲ್ಲ. ಕಿವಿಗೆ ಹೆಡ್‌ಫೋನ್, ಎದುರಿಗೆ ಪರದೆ. ದೃಶ್ಯವನ್ನು ತುಂಡು ತುಂಡಾಗಿ ಮತ್ತೆ ಮತ್ತೆ ಓಡಿಸುತ್ತಾರೆ. ಪ, ಬ, ಮ ಹೇಳುವಾಗ ತುಟಿ ಮುಚ್ಚಲೇಬೇಕು. ಪರದೆಯ ಹುಡುಗ ಬಾಯಿ ತೆರೆದಿರುವಾಗ ನನ್ನ 'ಅಮ್ಮ' ಬಿದ್ದರೆ, ಎಷ್ಟು ಚೆನ್ನಾಗಿ ಅತ್ತರೂ ದಂಡ. ಆಗ ಮಾತನ್ನೇ ಬದಲಿಸುತ್ತೇವೆ. ಪಾತ್ರ ಓಡುತ್ತಿದ್ದರೆ ನಾವು ನಿಂತಲ್ಲೇ ಏದುಸಿರು ಬಿಡಬೇಕು, ಅದೂ ಬಟ್ಟೆಯ ಸದ್ದು ಮೈಕ್‌ಗೆ ಸಿಗದ ಹಾಗೆ.

ಒಂಬತ್ತನೇ ಕ್ಲಾಸಿನ ಹೊತ್ತಿಗೆ ದನಿ ಒಡೆಯಿತು. ಆ ವಯಸ್ಸಿಗೆ ಹುಡುಗರ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಧ್ವನಿತಂತುಗಳು ಉದ್ದ, ದಪ್ಪ ಆಗುತ್ತವೆ. ಚಿಗುರು ಮೀಸೆಯನ್ನು ಮೇಕಪ್‌ನಲ್ಲಿ ಮುಚ್ಚಬಹುದು, ದನಿಗೆ ಏನು ಮಾಡೋದು? ನನ್ನ ಕಾರ್ಟೂನ್ ಪಾತ್ರವನ್ನು ಒಬ್ಬ ಹಿರಿಯ ಕಲಾವಿದೆಗೆ ಕೊಟ್ಟರು. ಹೊಟ್ಟೆ ಉರಿಯಿತು. ಈಗ ನೋಡಿದರೆ ಅವರು ಮಾಡಿದ್ದೇ ಸರಿ. ಅಮೆರಿಕದ ಕಲಾವಿದೆ ನ್ಯಾನ್ಸಿ ಕಾರ್ಟ್‌ರೈಟ್ 1987ರಿಂದ ಕಾರ್ಟೂನ್ ಹುಡುಗ ಬಾರ್ಟ್ ಸಿಂಪ್ಸನ್‌ಗೆ ದನಿ ಕೊಡುತ್ತಿದ್ದಾರೆ. ಆ ಹುಡುಗನಿಗೆ ಇನ್ನೂ ಹತ್ತೇ ವರ್ಷ!

ಹಾಲಿವುಡ್ಡಿನಲ್ಲಿ ಬಾಲನಟನಾಗಿದ್ದ ಹೇಲಿ ಜೋಯೆಲ್ ಆಸ್ಮೆಂಟ್ ಪುಣ್ಯವಂತ. 'ದಿ ಸಿಕ್ಸ್ತ್ ಸೆನ್ಸ್' (1999) ಚಿತ್ರಕ್ಕಾಗಿ 11ನೇ ವಯಸ್ಸಿಗೇ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. 2002ರಲ್ಲಿ 'ಕಿಂಗ್‌ಡಮ್ ಹಾರ್ಟ್ಸ್' ವಿಡಿಯೋ ಗೇಮ್‌ನ ಸೋರಾ ಪಾತ್ರಕ್ಕೆ ದನಿ ಕೊಟ್ಟರು. ದನಿ ಒಡೆದ ಮೇಲೂ ಪಾತ್ರ ಅವರ ಕೈಬಿಡಲಿಲ್ಲ, ಸೋರಾ ಕೂಡ ಗೇಮ್‌ನೊಳಗೆ ಬೆಳೆಯುತ್ತಾ ಹೋದ. 2019ರ 'ಕಿಂಗ್‌ಡಮ್ ಹಾರ್ಟ್ಸ್ 3'ರಲ್ಲೂ ಅವರದೇ ದನಿ.

ನನಗೆ ಮಾತ್ರ ಫೋನ್ ಬರುವುದೇ ನಿಂತಿತು. ಮೇಷ್ಟ್ರು ಓದಿಸುವುದನ್ನು ನಿಲ್ಲಿಸಲಿಲ್ಲ. ದನಿ ಕೀರಲಾಗಿ ಜಾರಿ ಕ್ಲಾಸೆಲ್ಲ ನಕ್ಕಾಗ, "ಮುಂದೆ ಓದು" ಅಂದರು, ಅಷ್ಟೇ.

ಕಾಲೇಜಿನಲ್ಲಿದ್ದಾಗ ಮತ್ತೆ ಸ್ಟುಡಿಯೋಗೆ ಕರೆದರು, ಗುಂಪಿನ ಗದ್ದಲಕ್ಕೆ. ಅಲ್ಲಿಂದ ಒಂದೊಂದೇ ಡೈಲಾಗ್. ಈಗ ಹೆಚ್ಚಾಗಿ ವಿಲನ್‌ಗಳೇ ನನ್ನ ಪಾಲು. ಮುಖ ಯಾರಿಗೂ ಗುರುತಿಲ್ಲ. ಬಸ್ಸಿನಲ್ಲಿ ಕಂಡಕಂಡವರ ಕೈಲಿ ಕೆನ್ನೆ ಹಿಂಡಿಸಿಕೊಂಡು ಬೆಳೆದವನಿಗೆ ಅದು ಸಣ್ಣ ಸುಖವೇನಲ್ಲ.