ಮೆಷಿನ್ ಸೊನ್ನೆ ತೋರಿಸಿದ್ರೂ ಬಿಡದಿ ದಾಟಿದ ಮೇಲೆ ಸ್ಟೇರಿಂಗ್ ಯಾಕೆ ನಡುಗುತ್ತೆ?

ಶನಿವಾರ ಹೊಸ ಟೈರ್ ಹಾಕಿಸಿಕೊಂಡು ಹೋದ ಕಾರು ಸೋಮವಾರ ಬೆಳಗ್ಗೆ ವಾಪಸ್ ಬಂದು ನಿಲ್ಲುತ್ತೆ. ದೂರು ಯಾವಾಗಲೂ ಒಂದೇ: "ಊರೊಳಗೆ ಏನೂ ಇಲ್ಲ ಗುರೂ, ಮೈಸೂರು ಹೈವೇಲಿ 90 ದಾಟಿದ್ರೆ ಸ್ಟೇರಿಂಗ್ ನಡುಗುತ್ತೆ." ಬೆಂಗಳೂರಿನಲ್ಲಿ ಟೈರ್ ಕೆಲಸ ಮಾಡೋ ಯಾರಿಗೂ ಇದು ಹೊಸದಲ್ಲ. ಸಿಲ್ಕ್ ಬೋರ್ಡಿಗೂ ಹೆಬ್ಬಾಳಕ್ಕೂ ಓಡಾಡೋ ಗಾಡಿಗೆ ಬ್ಯಾಲೆನ್ಸಿಂಗ್ (ವೀಲಿನ ಸುತ್ತ ತೂಕ ಸಮ ಮಾಡೋದು) ತಪ್ಪಿದ್ದು ವರ್ಷವಾದರೂ ಗೊತ್ತಾಗಲ್ಲ. ಗೊತ್ತಾಗಬೇಕಾದರೆ ಮೊದಲು 80ಕ್ಕೆ ಓಡಿಸೋಕೆ ಜಾಗ ಸಿಗಬೇಕಲ್ಲ!

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟ. 185/65 ಆರ್15 ಟೈರಿನ ಎತ್ತರ ಸುಮಾರು 62 ಸೆಂ.ಮೀ. 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 14 ಸುತ್ತು ಹಾಕುತ್ತೆ. ರಿಮ್ಮಿನ ಅಂಚಲ್ಲಿ ಬರೀ 20 ಗ್ರಾಂ ಹೆಚ್ಚುಕಮ್ಮಿ ಇದ್ದರೆ, ಆ ವೇಗದಲ್ಲಿ ಅದು ಸುಮಾರು 3 ಕೆಜಿ ಬಲದಲ್ಲಿ ಹಬ್ ಅನ್ನ (ವೀಲ್ ಕೂರೋ ಕಾರಿನ ಭಾಗ) ಎಳೆಯುತ್ತೆ, ಸೆಕೆಂಡಿಗೆ 14 ಸಲ. ಅದೇ 20 ಗ್ರಾಂ 50ರ ವೇಗದಲ್ಲಿ ಮುಕ್ಕಾಲು ಕೆಜಿ ಅಷ್ಟೇ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಹಾಗಾಗಿ ಅಂಗಡಿ ಮುಂದೆ ಒಂದು ರೌಂಡ್ ಓಡಿಸಿ "ಸರಿಯಿದೆ ಸಾರ್" ಅನ್ನೋದರಲ್ಲಿ ಅರ್ಥವಿಲ್ಲ.

ಇಲ್ಲಿ ಹುಡುಗರು ಕೊಡೋ ಉತ್ತರವೂ ಒಂದೇ: "ಮೆಷಿನ್ ಸೊನ್ನೆ ಸೊನ್ನೆ ತೋರಿಸ್ತು ಅಣ್ಣ, ನೋಡಿಯೇ ಇಳಿಸಿದ್ದು." ವೀಲನ್ನ ತಿರುಗಿಸಿ ಎಲ್ಲಿ ಎಷ್ಟು ಗ್ರಾಂ ವೇಟ್ ಬೇಕು ಅಂತ ತೋರಿಸೋ ಬ್ಯಾಲೆನ್ಸಿಂಗ್ ಮೆಷಿನ್ ಅದು. ಹುಡುಗ ಸುಳ್ಳು ಹೇಳ್ತಿಲ್ಲ, ಮೆಷಿನ್ನೂ ಸುಳ್ಳು ಹೇಳಿಲ್ಲ. ತನ್ನ ಶಾಫ್ಟ್ ಮೇಲೆ ವೀಲ್ ಹೇಗೆ ಕೂತಿತ್ತೋ ಆ ಲೆಕ್ಕದಲ್ಲಿ ಮೆಷಿನ್ ಸೊನ್ನೆ ಅಂದಿದೆ. ಕಾರಿನ ಹಬ್ ಮೇಲೆ ಅದೇ ವೀಲ್ ಬೇರೆ ಥರ ಕೂತರೆ ಆ ಸೊನ್ನೆಗೆ ಬೆಲೆಯಿಲ್ಲ. ನಮ್ಮಲ್ಲಿ ವಾಪಸ್ ಬರೋ ಗಾಡಿಗಳಲ್ಲಿ ಹೆಚ್ಚಿನವು ಇದೇ ಕಾರಣಕ್ಕೆ ಬರೋದು.

ಮೊದಲು ರಿಮ್ಮಿನ ನಡುವಿನ ತೂತು ನೋಡಿ. ತೂತಿನ ಒಳಅಂಚಲ್ಲಿ ತುಕ್ಕು, ಹಳೇ ಗ್ರೀಸ್, ಕೆಂಪು ಮಣ್ಣು ಸೇರಿ ಗಟ್ಟಿಯಾದ ಒಂದು ಪದರ ಇರುತ್ತೆ. ಮೆಷಿನ್ ಶಾಫ್ಟ್ ಮೇಲೆ ವೀಲನ್ನ ನಡುವಿಗೆ ಹಿಡಿಯೋ ಕೋನ್ ಅದರ ಮೇಲೇ ಕೂತುಬಿಡುತ್ತೆ. ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಸಾಕು, ಟೈರು ರಿಮ್ಮು ಸೇರಿ 15 ಕೆಜಿ ಇರೋ ಇಡೀ ವೀಲು ಅಷ್ಟು ಪಕ್ಕಕ್ಕೆ ಹೋದಂತೆ. 15 ಕೆಜಿ ಅರ್ಧ ಮಿ.ಮೀ. ಸರಿಯೋದೂ, ರಿಮ್ಮಿನ ಅಂಚಲ್ಲಿ ಸುಮಾರು 40 ಗ್ರಾಂ ವೇಟ್ ಅಂಟಿಸೋದೂ ಎರಡೂ ಒಂದೇ. ವೈರ್ ಬ್ರಷ್ ಹಿಡಿದು ಒಂದು ನಿಮಿಷ ಉಜ್ಜೋ ಕೆಲಸ, ಆದರೆ ಸಾಲಾಗಿ ಐದು ಕಾರು ನಿಂತಿರುವಾಗ ಮೊದಲು ಬಿಟ್ಟುಹೋಗೋದು ಇದೇ.

ಕೋನ್ ಸಾಧ್ಯವಾದಷ್ಟು ಒಳಬದಿಯಿಂದ ಬರಲಿ, ಅಂದರೆ ಕಾರಿನ ಹಬ್ಬಿಗೆ ತಾಗೋ ಬದಿಯಿಂದ. ಹಬ್ ಮೇಲೆ ಕೂರೋಕೆಂದೇ ಫ್ಯಾಕ್ಟರಿಯಲ್ಲಿ ಕಡೆದ ಅಂಚು ಆ ಬದಿಯಲ್ಲಿದೆ. ಮುಂದಿನ ಬದಿಯ ಅಂಚು ಕ್ಯಾಪ್ ಹಾಕೋಕೆ ಮಾಡಿದ್ದು, ಅದು ಸರಿಯಾಗಿ ನಡುವಿಗಿರಲೇಬೇಕು ಅಂತಿಲ್ಲ. ಕೋನ್ ತೂತಿನ ಮಧ್ಯದಲ್ಲಿ ಹಿಡೀಬೇಕು. ತುದೀಲೋ ಬುಡದಲ್ಲೋ ಹಿಡಿದರೆ ಬೇರೆ ಸೈಜಿನ ಕೋನ್ ತಗೊಳ್ಳಿ. ನಟ್ ಬಿಗಿಯುವಾಗ ವೀಲನ್ನ ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾ ಬಿಗಿದರೆ ಅದು ತಾನಾಗೇ ನಡುವಿಗೆ ಬಂದು ಕೂರುತ್ತೆ.

ಸರಿಯಾಗಿ ಕೂತಿದೆಯಾ ಅಂತ ತಿಳಿಯೋಕೆ ಒಂದು ಪರೀಕ್ಷೆ ಇದೆ, ಪ್ರತಿ ವೀಲಿಗೂ ಮಾಡಿ ಅಂತ ನಾವು ಹಟ ಹಿಡಿಯೋದು ಇದನ್ನೇ. ಬ್ಯಾಲೆನ್ಸ್ ಮಾಡಿ ಸೊನ್ನೆ ಬಂದ ಮೇಲೆ ನಟ್ ಸಡಿಲಿಸಿ. ಶಾಫ್ಟನ್ನ ಹಿಡಿದು ವೀಲನ್ನ ಮಾತ್ರ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಿ. ಆಗಲೂ ಸೊನ್ನೆ ಅಥವಾ 5 ಗ್ರಾಂ ಬಂದರೆ ಕೆಲಸ ಸರಿಯಾಗಿದೆ. 15, 20, 25 ಬಂದರೆ ವೀಲ್ ಸರಿಯಾಗಿ ಕೂತೇ ಇಲ್ಲ, ಮೊದಲು ಹಾಕಿದ ವೇಟೆಲ್ಲ ಕೋನಿನ ತಪ್ಪನ್ನ ಸರಿ ಮಾಡಿದ ಹಾಗೆ. ಕಿತ್ತು, ಒರೆಸಿ, ಮೊದಲಿಂದ ಶುರು ಮಾಡಿ. ಇನ್ನೊಂದು ಗುಟ್ಟು: ಬಹಳಷ್ಟು ಮೆಷಿನ್‌ಗಳು 5 ಗ್ರಾಮಿಗಿಂತ ಕಮ್ಮಿ ಇದ್ದರೆ ಸೊನ್ನೆ ಅಂತಲೇ ತೋರಿಸ್ತವೆ. ನಿಜವಾದ ಅಂಕಿ ತೋರಿಸೋ ಬಟನ್ ಪಕ್ಕದಲ್ಲೇ ಇರುತ್ತೆ, ಒತ್ತಿ ನೋಡಿ.

ಮೆಷಿನ್‌ಗೆ ಕೊಡೋ ಅಳತೆ ಮೂರು: ರಿಮ್ ಎಷ್ಟು ದೂರದಲ್ಲಿದೆ, ರಿಮ್ಮಿನ ಅಗಲ, ರಿಮ್ಮಿನ ವ್ಯಾಸ. ಹಿಂದಿನ ಗಾಡಿಯ ಅಳತೆ ಹಾಗೇ ಉಳಿದಿದ್ದರೆ ವೇಟ್ ಎಷ್ಟು ಸಲ ಹಾಕಿದರೂ ಮುಗಿಯಲ್ಲ: ಈ ಕಡೆ 10 ಹಾಕಿದರೆ ಆ ಕಡೆ 15 ಕೇಳುತ್ತೆ, ಅದನ್ನ ಹಾಕಿದರೆ ಇನ್ನೊಂದು ಕಡೆ. ಅಂಥ ಆಟ ಶುರುವಾದರೆ ಅಳತೆ ನೋಡಿ, ವೇಟ್ ಡಬ್ಬಿಗೆ ಕೈ ಹಾಕಬೇಡಿ.

ಅಲಾಯ್ ರಿಮ್ ಇರೋರು "ಹೊರಗಡೆ ವೇಟ್ ಕಾಣಬಾರದು" ಅಂತಾರೆ, ನ್ಯಾಯವೇ. ಅದಕ್ಕೆ ಕೆಲವರು ಸ್ಟ್ಯಾಟಿಕ್ ಮೋಡ್‌ಗೆ ಹಾಕಿ ಒಳಗಡೆ ಒಂದೇ ಸಾಲು ಅಂಟಿಸಿ ಕಳಿಸ್ತಾರೆ. ಸ್ಟ್ಯಾಟಿಕ್‌ನಲ್ಲಿ ಮೇಲೆ ಕೆಳಗೆ ಕುಣಿಯೋದು ನಿಲ್ಲುತ್ತೆ, ಎಡ ಬಲ ಓಲಾಡೋದು ನಿಲ್ಲಲ್ಲ. ಆ ಓಲಾಟವೂ ಸ್ಟೇರಿಂಗಿಗೆ ಬರುತ್ತೆ. ಅಲಾಯ್ ಮೋಡ್ ಹಾಕಿ, ಒಂದು ಸಾಲು ಒಳಅಂಚಿನ ಹತ್ತಿರ, ಇನ್ನೊಂದು ಕಡ್ಡಿಗಳ ಹಿಂದೆ ಮರೆಯಲ್ಲಿ ಅಂಟಿಸಿ. ಹಳೇ ವೇಟಿನ ಅಂಟನ್ನ ಪೂರ್ತಿ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿದ ಮೇಲೆ ಬೆರಳು ತಾಗಿಸದೆ ಅಂಟಿಸಿ ಗಟ್ಟಿಯಾಗಿ ಒತ್ತಬೇಕು. ಅವತ್ತೇ ಪ್ರೆಶರ್ ವಾಶ್ ಬೇಡ. ಕಬ್ಬಿಣದ ರಿಮ್ಮಿಗೆ ಹೊಡೆಯೋ ಕ್ಲಿಪ್ ವೇಟನ್ನ ಅಲಾಯ್‌ಗೆ ಬಡಿಯೋದು ಬೇಡವೇ ಬೇಡ. ಅಂಚು ಕೆಡುತ್ತೆ, ಸಡಿಲ ಕೂತು ಮೊದಲ ಗುಂಡಿಗೇ ಹಾರಿಹೋಗುತ್ತೆ.

ಇದೆಲ್ಲ ಬ್ಯಾಲೆನ್ಸಿಂಗ್ ಮಾತಾಯ್ತು. ಆದರೆ ಟೈರು ರಿಮ್ ಮೇಲೆ ನೆಟ್ಟಗೆ ಕೂರದಿದ್ದರೆ ಬ್ಯಾಲೆನ್ಸಿಂಗ್ ಏನೂ ಮಾಡಲಾರದು. ಟೈರ್ ಹಾಕುವಾಗ ಬೀಡ್‌ಗೂ (ರಿಮ್ ಮೇಲೆ ಕೂರೋ ಟೈರಿನ ಅಂಚು) ರಿಮ್ಮಿಗೂ ಟೈರ್ ಪೇಸ್ಟ್ ಹಚ್ಚಬೇಕು. ಗ್ರೀಸ್, ಎಂಜಿನ್ ಆಯಿಲ್ ಬೇಡ, ರಬ್ಬರ್ ತಿನ್ನುತ್ತೆ. ಬರೀ ನೀರೂ ಬೇಡ, ಕಬ್ಬಿಣದ ರಿಮ್ ತುಕ್ಕು ಹಿಡಿಯುತ್ತೆ. ರಿಮ್ಮಿನ ಮಧ್ಯೆ ಒಂದು ತಗ್ಗು ಇರುತ್ತೆ. ಬೀಡಿನ ಒಂದು ಬದಿ ಆ ತಗ್ಗಿಗೆ ಇಳಿದಿದ್ದರೆ ಮಾತ್ರ ಇನ್ನೊಂದು ಬದಿ ಅಂಚು ದಾಟೋದು. ಟೈರು ಬಿಗಿಯಾಯ್ತು ಅನಿಸಿದರೆ ಟೈರ್ ಏರಿಸೋ ಮೆಷಿನ್ ನಿಲ್ಲಿಸಿ, ಎದುರು ಬದಿ ಎಲ್ಲಿದೆ ನೋಡಿ, ಕೈಯಲ್ಲೋ ರೋಲರ್‌ನಲ್ಲೋ ತಗ್ಗಿಗೆ ತಳ್ಳಿ. ಪೆಡಲ್ ಒತ್ತಿಹಿಡಿದು ಎಳೆದರೆ ಬೀಡಿನ ಒಳಗಿನ ತಂತಿ ಹರಿಯುತ್ತೆ, ಹೊರಗಿಂದ ಕಾಣಲ್ಲ. ಗಾಳಿಯ ಸೆನ್ಸರ್ ಇರೋ ಕಾರಾದರೆ ಹಳೇ ಟೈರ್ ಬಿಡಿಸುವಾಗ ಮೆಷಿನ್ನಿನ ಬ್ಲೇಡ್ ನೆಕ್ಕಿನ (ಗಾಳಿ ತುಂಬೋ ವಾಲ್ವ್) ಹತ್ತಿರ ಬರದ ಹಾಗೆ ನೋಡಿಕೊಳ್ಳಿ. ಸಾದಾ ರಬ್ಬರ್ ನೆಕ್ಕಾದರೆ ಟೈರಿನ ಜೊತೆ ಅದನ್ನೂ ಬದಲಾಯಿಸಿ. ನಾಲ್ಕು ವರ್ಷ ಬಿಸಿಲು ಕಂಡ ನೆಕ್ ಬುಡದಲ್ಲಿ ಸೀಳಿರುತ್ತೆ, ಬಗ್ಗಿಸಿದರೆ ಕಾಣುತ್ತೆ.

ಟೈರಿನ ಪಕ್ಕದಲ್ಲಿ ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರವಾದ ಜಾಗ. ಅದನ್ನ ನೆಕ್ಕಿನ ನೇರಕ್ಕೆ ತನ್ನಿ, ವೇಟ್ ಕಮ್ಮಿ ಹಿಡಿಯುತ್ತೆ. ಬಾಣದ ಗುರುತು, "ಔಟ್‌ಸೈಡ್" ಅಂತ ಬರೆದಿರೋದು ಇವನ್ನ ಏರಿಸೋಕೆ ಮುಂಚೆ ನೋಡಿ, ಆಮೇಲಲ್ಲ. ಸೈಜು, ತಾರೀಖು ಕೂಡ ಹಾಗೇ. 88ಎಚ್ ಅಂದರೆ ಒಂದು ಟೈರು 560 ಕೆಜಿ ಹೊರುತ್ತೆ, ವೇಗ 210ರವರೆಗೆ. ಟೈರಿನ ಪಕ್ಕದ ಡಾಟ್ (DOT) ನಂಬರಿನ ಕೊನೆಯ ನಾಲ್ಕು ಅಂಕಿ 1825 ಅಂದರೆ 2025ರ 18ನೇ ವಾರ.

ಗಾಳಿ ತುಂಬಿ ಬೀಡ್ ಕೂರಿಸೋದು ಈ ಕೆಲಸದಲ್ಲಿ ಅತಿ ಅಪಾಯದ ಹೊತ್ತು. ನೆಕ್ಕಿನ ಒಳಗಿನ ಪಿನ್ ತೆಗೆದು ಗಾಳಿ ಬಿಟ್ಟರೆ ಬೇಗ ತುಂಬುತ್ತೆ. ಟಪ್ ಅಂತ ಒಂದು ಸದ್ದು, ಸ್ವಲ್ಪ ಹೊತ್ತಿಗೆ ಇನ್ನೊಂದು, ಎರಡೂ ಬದಿ ಕೂತವು. 40 ಪಿಎಸ್‌ಐ ಮುಟ್ಟಿದರೂ ಎರಡನೇ ಸದ್ದು ಬರಲಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. ಗಾಳಿ ಇಳಿಸಿ, ಬೀಡ್ ಸಡಿಲಿಸಿ, ಮತ್ತೆ ಪೇಸ್ಟ್ ಹಚ್ಚಿ ತುಂಬಿ. "ಇನ್ನೊಂದು ಹತ್ತು ಬಿಡೋ, ಕೂರುತ್ತೆ" ಅನ್ನೋ ಮಾತಿಂದ ಬೆರಳು, ಮುಖ ಕಳಕೊಂಡವರು ಈ ಕಸುಬಲ್ಲಿ ಇದ್ದಾರೆ. ಮೈ ಪಕ್ಕಕ್ಕಿರಲಿ, ಬೆರಳು ರಿಮ್ಮಿನ ಹತ್ತಿರ ಬೇಡ. ಕೂತ ಮೇಲೆ ಬೀಡಿನ ಪಕ್ಕ ಟೈರಿನ ಸುತ್ತ ಓಡೋ ತೆಳುವಾದ ಗೆರೆ ನೋಡಿ. ರಿಮ್ಮಿನಿಂದ ಆ ಗೆರೆಗೆ ಎಲ್ಲ ಕಡೆ ಒಂದೇ ಅಂತರ ಇರಬೇಕು. ಒಂದು ಕಡೆ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಅಲ್ಲಿ ಬೀಡ್ ಕೂತಿಲ್ಲ. ವೇಟ್ ಎಷ್ಟು ಹಾಕಿದರೂ ಅಂಥ ವೀಲ್ ಕುಣಿದೇ ಕುಣಿಯುತ್ತೆ.

ಸಣ್ಣ ಕಾರಿನ ವೀಲು ಒಂದೇ ಬದಿಗೆ 50-60 ಗ್ರಾಂ ಕೇಳಿದರೆ ಹಾಕೋಕೆ ಹೋಗಬೇಡಿ. ಟೈರನ್ನ ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿ, ಎಷ್ಟೋ ಸಲ ಅರ್ಧಕ್ಕೆ ಇಳಿಯುತ್ತೆ. ಇಳಿಯಲಿಲ್ಲ ಅಂದರೆ ರಿಮ್ ಬೆಂಡಾಗಿದೆಯಾ ನೋಡಿ. ಔಟರ್ ರಿಂಗ್ ರೋಡಿನ ಗುಂಡಿಗಳು ಬೆಂಡ್ ಮಾಡೋದು ಸಾಮಾನ್ಯವಾಗಿ ಒಳಅಂಚನ್ನ, ನಿಂತ ಕಾರಿನಲ್ಲಿ ಅದು ಕಾಣಲ್ಲ. ಮೆಷಿನ್ ಮೇಲೆ ಮೆಲ್ಲಗೆ ತಿರುಗಿಸಿ ಅಂಚಿನ ಹತ್ತಿರ ಒಂದು ಸ್ಕ್ರೂಡ್ರೈವರ್ ತುದಿ ಅಲುಗದ ಹಾಗೆ ಹಿಡಿದರೆ ಹತ್ತಿರ ದೂರ ಆಗೋದು ಕಣ್ಣಿಗೇ ಕಾಣುತ್ತೆ. 1 ಮಿ.ಮೀ. ದಾಟಿದರೆ ಮೊದಲು ಗಿರಾಕಿಗೆ ತೋರಿಸಿ, ಮಿಕ್ಕ ಮಾತು ಆಮೇಲೆ.

ಕಾರಿಗೆ ಹಾಕೋ ಹಂತದಲ್ಲೂ ಅದೇ ಪಾಠ. ಹಬ್ಬಿನ ಮುಖದ ತುಕ್ಕು ಉಜ್ಜಿ ತೆಗೆಯಿರಿ. ಹೊರಗಿನ ಅಲಾಯ್ ಆಗಿದ್ದರೆ ನಡುವಿನ ತೂತು ಹಬ್ಬಿಗಿಂತ ದೊಡ್ಡದಿರುತ್ತೆ. ಸ್ವಿಫ್ಟ್ ಹಬ್ 54.1 ಮಿ.ಮೀ., ಜೆ.ಸಿ. ರೋಡಿನಲ್ಲಿ ಇಷ್ಟಪಟ್ಟು ತಂದ ರಿಮ್ಮಿನ ತೂತು 67 ಇರಬಹುದು. ನಡುವಿನ ಸಂದಿಗೆ ಸರಿಯಾದ ರಿಂಗ್ ಹಾಕಲೇಬೇಕು. ನಟ್ ಕೂಡ ನೋಡಿ: ಮಾರುತಿ, ಹ್ಯುಂಡೈಗೆ ಮೊನಚು ಬುಡದ ನಟ್, ಫೋಕ್ಸ್‌ವ್ಯಾಗನ್, ಸ್ಕೋಡಾಗೆ ಗುಂಡು ಬುಡದ ಬೋಲ್ಟ್. ಒಂದರ ಜಾಗಕ್ಕೆ ಇನ್ನೊಂದು ಹೋಗುತ್ತೆ, ಬಿಗಿಯೂ ಆದಂತೆ ಕಾಣುತ್ತೆ, ಆದರೆ ಹಿಡಿತ ಬರೀ ಒಂದು ಗೆರೆಯಷ್ಟೇ ಇರುತ್ತೆ.

ಎಲ್ಲ ನಟ್‌ಗಳನ್ನೂ ಮೊದಲು ಮೂರು ನಾಲ್ಕು ಸುತ್ತು ಕೈಯಲ್ಲೇ ಹಾಕಿ. ಎದುರು ಬದುರು ನಟ್ಟಿಗೆ ಹೋಗುತ್ತಾ ಅರ್ಧ ಬಿಗಿದು, ಗಾಡಿ ನೆಲಕ್ಕಿಳಿಸಿ, ಆಮೇಲೆ ಟಾರ್ಕ್ ವ್ರೆಂಚ್. ಅಂಕಿ ಆಯಾ ಕಾರಿನ ಪುಸ್ತಕದಲ್ಲಿರುತ್ತೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್. 25 ಸೆಂ.ಮೀ. ಉದ್ದದ ವೀಲ್ ಸ್ಪ್ಯಾನರ್ ತುದಿಗೆ 40 ಕೆಜಿ ಭಾರ ಬಿಟ್ಟರೆ ಹತ್ತಿರಹತ್ತಿರ 100 ಆಯ್ತು. 70 ಕೆಜಿ ಆಸಾಮಿ ಅದರ ಮೇಲೆ ಹತ್ತಿ ನಿಂತರೆ 170! ಇಂಪ್ಯಾಕ್ಟ್ ಗನ್ ಅದನ್ನೂ ದಾಟುತ್ತೆ, ಅದೂ ಒಂದೊಂದು ನಟ್ಟಿಗೆ ಒಂದೊಂದು ಥರ. ಬ್ರೇಕ್ ಡಿಸ್ಕ್ ಸೊಟ್ಟಗಾಗಿ ಬ್ರೇಕ್ ಒತ್ತಿದಾಗ ಪೆಡಲ್ ಕುಣಿಯೋದು ಇದರಿಂದಲೂ ಆಗುತ್ತೆ. ಆಯುಧ ಪೂಜೆ ದಿನ ಅರಿಶಿನ ಕುಂಕುಮ ಇಡಿಸಿಕೊಳ್ಳೋ ಟಾರ್ಕ್ ವ್ರೆಂಚ್, ಮಿಕ್ಕ 364 ದಿನ ಡಬ್ಬಿಯೊಳಗೇ ಮಲಗಿರೋ ಅಂಗಡಿಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ನಟ್ ಕೂರೋ ಮೊಳೆಗೆ (ಸ್ಟಡ್) ಎಣ್ಣೆ ಸವರೋ ಅಭ್ಯಾಸವೂ ಬೇಡ. ಎಣ್ಣೆ ಇದ್ದರೆ ವ್ರೆಂಚ್ ಅದೇ 100 ತೋರಿಸಿದರೂ ಮೊಳೆ ಅಳತೆ ಮೀರಿ ಎಳೆದುಕೊಂಡಿರುತ್ತೆ.

ಎರಡೇ ಹೊಸ ಟೈರ್ ಆದರೆ ಹಿಂದಕ್ಕೆ ಹಾಕಿ, ಮುಂದಿನ ಚಕ್ರಕ್ಕೆ ಎಂಜಿನ್ ಎಳೆತ ಇದ್ದರೂ ಸರಿಯೇ. ಮಳೆಯಲ್ಲಿ ಹಿಂಬದಿ ಜಾರಿದರೆ ಹಿಡಿಯೋದು ಕಷ್ಟ. ಇದನ್ನ ಗಿರಾಕಿ ಒಪ್ಪೋದು ಕಮ್ಮಿ, ಆದರೂ ಹೇಳಿ. ಮೊದಲ 100 ಕಿ.ಮೀ. ಜೋರಾಗಿ ಎತ್ತೋದು, ಗಕ್ಕನೆ ಬ್ರೇಕ್ ಹಾಕೋದು ಬೇಡ ಅಂತಲೂ ಹೇಳಿ ಕಳಿಸಿ. ಪೇಸ್ಟ್ ಒಣಗೋ ಮುಂಚೆ ಟೈರು ರಿಮ್ ಮೇಲೆ ಜಾರಿದರೆ ಮಾಡಿದ ಬ್ಯಾಲೆನ್ಸ್ ಅಷ್ಟೂ ಹೋಗುತ್ತೆ. ನೆಕ್ಕಿನ ನೇರಕ್ಕೆ ಟೈರ್ ಮೇಲೆ ಚಾಕ್‌ಪೀಸಿನಲ್ಲಿ ಒಂದು ಗೀಟು ಎಳೆದಿಟ್ಟರೆ ಗಾಡಿ ಮತ್ತೆ ಬಂದಾಗ ಟೈರು ಜಾರಿದೆಯಾ ಇಲ್ಲವಾ ಅಂತ ತಕ್ಷಣ ತಿಳಿಯುತ್ತೆ.

ಇಷ್ಟಾದ ಮೇಲೂ ಗಾಡಿ ವಾಪಸ್ ಬಂದರೆ ಮೊದಲು ಪ್ರಶ್ನೆ ಕೇಳಿ, ಆಮೇಲೆ ಜಾಕ್ ಎತ್ತಿ. ನಡುಗೋದು ಸ್ಟೇರಿಂಗ್ ಆದರೆ ಮುಂದಿನ ವೀಲು, ಸೀಟಾದರೆ ಹಿಂದಿನದು. 80ರಿಂದ 110ರ ನಡುವೆ ಬಂದರೆ ಬ್ಯಾಲೆನ್ಸಿಂಗ್. 30-40ಕ್ಕೇ ಓಲಾಡಿದರೆ ಬೆಂಡ್ ರಿಮ್ಮೋ ಒಳಗೆ ಪದರ ಬಿಟ್ಟ ಟೈರೋ ಇರಬೇಕು. ಬ್ರೇಕ್ ಒತ್ತಿದಾಗ ಮಾತ್ರ ಆದರೆ ಬ್ರೇಕ್ ಡಿಸ್ಕ್ ನೋಡಿ. ಒಂದು ಕಡೆಗೆ ಎಳೆದರೆ ಅಲೈನ್‌ಮೆಂಟ್ ಅಥವಾ ಗಾಳಿ.

ಮೂರು ತಿಂಗಳು ಚೆನ್ನಾಗಿ ಓಡಿ ಮಳೆ ಬಂದ ಮೇಲೆ ನಡುಗೋಕೆ ಶುರುವಾದ ಗಾಡಿಯನ್ನ ಸೀದಾ ಮೆಷಿನ್‌ಗೆ ಏರಿಸಬೇಡಿ. ವೀಲ್ ಬಿಚ್ಚಿ ರಿಮ್ಮಿನ ಒಳಗೆ ಕೈಯಾಡಿಸಿ. ಲೇಔಟ್ ರಸ್ತೆಯ ಕೆಸರು, ಟಾರು, ಕಾಂಕ್ರೀಟ್ ಲಾರಿಯಿಂದ ಸೋರಿದ ಸಿಮೆಂಟು ಒಂದೇ ಕಡೆ ಹೆಪ್ಪುಗಟ್ಟಿ ಮುಷ್ಟಿಯಷ್ಟಾಗಿರುತ್ತೆ. ಕೆರೆದು, ತೊಳೆದು, ಹಾಕಿ ಕಳಿಸಿ. ಅದಕ್ಕೆ ಬ್ಯಾಲೆನ್ಸಿಂಗ್ ದುಡ್ಡು ತಗೊಳ್ಳೋದು ಬೇಡ, ತೊಳೆದಿದ್ದಕ್ಕೆ ಎಷ್ಟೋ ಅಷ್ಟು ತಗೊಳ್ಳಿ.